ಗರಗಸಕ್ಕೆ ಸಿಕ್ಕಿದ ಶ್ರುತಿ

ಗಂಡನಿಗೆ ಬೇರೆ ಯಾವ ಚಟ ಹತ್ತಿದ್ದರೂ ಸಂಗೀತದ ಟೀಚರು ಸಹಿಸಿಕೊಳ್ಳುತ್ತಿದ್ದರು. ಇಸ್ಪೀಟಾದರೆ ಹೊರಗೆಲ್ಲೋ ಆಡುತ್ತಾರೆ, ಸಿಗರೇಟಾದರೆ ಸದ್ದಿಲ್ಲದೆ ಸೇದುತ್ತಾರೆ. ಇವರಿಗೆ ಹತ್ತಿದ್ದು ದೋಣಿ ಕಟ್ಟುವ ಚಟ. ಅದೂ ಹಿತ್ತಿಲ ವರಾಂಡದಲ್ಲಿ, ಪಾಠದ ಕೋಣೆಯ ಕಿಟಕಿಗೆ ಸರಿಯಾಗಿ ಎದುರು! ನೀರು ಸರಬರಾಜು ಕಚೇರಿಯಲ್ಲಿ ದಿನವಿಡೀ ಕೆರೆಯ ನಕ್ಷೆ ನೋಡಿ ನೋಡಿ ಮಹಾಶಯರಿಗೆ ಜಲವಿಹಾರದ ಬಯಕೆ ಹುಟ್ಟಿತ್ತು. (ಈಜು? ಬರುವುದಿಲ್ಲ.)

ಮೊದಲು ಬಂದದ್ದು ತಟ್ಟೆಯಗಲದ ಬ್ಲೇಡು ಗಿರ್ರನೆ ತಿರುಗುವ ಸರ್ಕ್ಯುಲರ್ ಸಾ.

"ಗೀಟು ಹೊಡೆದ ಹಾಗೆ ನೇರಕ್ಕೆ ಕತ್ತರಿಸುತ್ತೆ ಕಣೇ!"

"ದೋಣೀಲಿ ನೇರ ಎಲ್ಲಿದೆ ರೀ? ಎಲ್ಲಾ ಹೊಟ್ಟೆ ಬಂದಿರುತ್ತೆ, ನಿಮ್ಮ ಹಾಗೆ."

ಗಂಡ ಕಿವಿಗೆ ಹಾಕಿಕೊಳ್ಳಲಿಲ್ಲ. ಡೊಂಕು ಗೆರೆಯ ಮೇಲೆ ಬಲವಂತವಾಗಿ ತಿರುಗಿಸಲು ಹೋದಾಗ ಯಂತ್ರ ಒದ್ದುಕೊಂಡು ಹಿಂದಕ್ಕೆ ಹಾರಿತು; ಯಜಮಾನರು ಒಗೆಯುವ ಬಟ್ಟೆಯ ಬುಟ್ಟಿಯಲ್ಲಿ ಆಸೀನರಾದರು. ಮರುದಿನ ಜಿಗ್‌ಸಾ ಬಂತು. ಹೊಲಿಗೆ ಮಷಿನ್ನಿನ ಸೂಜಿಯಂತೆ ಮೇಲೆ ಕೆಳಗೆ ಕುಣಿಯುವ ಸಣ್ಣ ಬ್ಲೇಡು. ಡೊಂಕಿಗೆ ಇದೇ ಸರಿ ಎಂದು ಅಂಗಡಿಯವನು ಹೇಳಿದನಂತೆ. ಡೊಂಕೇನೋ ಬಂತು, ಬೇಕಾದ ಕಡೆ ಮಾತ್ರ ಬರಲಿಲ್ಲ. ಪ್ಲೈವುಡ್ಡಿನ ಅಂಚೆಲ್ಲ ಇಲಿ ಕಡಿದಂತಾಯಿತು.

ಇದನ್ನೂ ಟೀಚರು ನುಂಗಿಕೊಂಡಿದ್ದರು. ಆದರೆ ಬಡಾವಣೆ ಸಂಘದ ಕಾರ್ಯದರ್ಶಿ ಮಗಳನ್ನು ಕರೆದುಕೊಂಡು ಪಾಠ ನೋಡಲು ಬಂದರಲ್ಲ, ಅವತ್ತು ತಡೆಯಲಾಗಲಿಲ್ಲ. ಆಯಮ್ಮ ಒಪ್ಪಿದರೆ ಸಂಘದ ದೊಡ್ಡ ಹಾಲಿನಲ್ಲೇ ಪಾಠ ನಡೆಸಬಹುದಿತ್ತು.

ಹುಡುಗಿ ಬಾಯಿ ತೆರೆಯುವುದಕ್ಕೂ ಹಿತ್ತಿಲಲ್ಲಿ "ಝೂಂಯ್" ಎನ್ನುವುದಕ್ಕೂ ಸರಿಹೋಯಿತು. ವಿಧೇಯ ಮಗು, ಅದೇ ಶ್ರುತಿ ಹಿಡಿದುಕೊಂಡಿತು. ಬ್ಲೇಡು ಮರದೊಳಗೆ ಹೊಕ್ಕು ಸದ್ದು ಗುರ್ರ್ ಎಂದು ಕುಸಿದಾಗ ಮಗುವೂ ಕುಸಿಯಿತು.

"ಇವಳ ಗಂಟಲಿಗೇನಾಯ್ತು?" ಎಂದು ತಾಯಿ ಗಾಬರಿಯಾದರು.

"ಅಂಕಲ್ ಶ್ರುತಿ ಇಳಿಸಿದ್ರಮ್ಮ, ಅದಕ್ಕೇ ನಾನೂ ಇಳಿಸ್ದೆ."

ಕಾರ್ಯದರ್ಶಿಯವರು ಮಗಳ ಕೈ ಹಿಡಿದು ಎದ್ದೇಬಿಟ್ಟರು. ಸಂಘದ ಹಾಲೂ ಅವರ ಹಿಂದೆಯೇ ಹೋಯಿತು.

ಟೀಚರು ಸೆರಗು ಬಿಗಿದು ಹಿತ್ತಿಲಿಗೆ ನುಗ್ಗಿದರು. "ಕೊಡಿ ಇಲ್ಲಿ! ಆ ದರಿದ್ರ ದೋಣೀನ ನಾನೇ ಕತ್ತರಿಸಿ ಬಿಸಾಕ್ತೀನಿ. ಇವತ್ತಿಗೆ ಈ ಪೀಡೆ ತೊಲಗ್ಲಿ!"

ಗಂಡ ಹೆದರಿ ಯಂತ್ರ ಕೊಟ್ಟರು. ಟೀಚರು ಸಿಟ್ಟಿನಿಂದ ಒತ್ತಿದರು, ಅದು ನರಳಿತು. ಅಪಸ್ವರ ಕೇಳಿದರೆ ಅವರಿಗೆ ಹಲ್ಲು ಜುಮ್ಮೆನ್ನುತ್ತದೆ. ಕೈ ತಾನಾಗಿ ಹಗುರವಾಯಿತು. ಸದ್ದು ಏರಿ ಒಂದೇ ಮಟ್ಟಕ್ಕೆ ನಿಂತಿತು. ಆ ಮಟ್ಟ ತಪ್ಪದಂತೆ ನಡೆಸಿಕೊಂಡು ಹೋದರೆ, ಆಹಾ! ದೋಣಿಯ ಪಕ್ಕದ ಹಲಗೆ ಬೆಣ್ಣೆ ಕೊಯ್ದಂತೆ ಬಳುಕಿ ಬಂತು.

"ಇಷ್ಟು ದಿನ ಇದರ ಕತ್ತು ಹಿಸುಕ್ತಿದ್ರಲ್ಲ ರೀ!"

"ಸಿಟ್ಟು ಇಳೀತಾ?"

"ಸಿಟ್ಟು ಹಾಗೇ ಇದೆ. ಇನ್ನೊಂದು ಹಲಗೆ ಕೊಡಿ."

ಆಮೇಲೆ ಗಂಡನ ಕೈಗೆ ಯಂತ್ರ ಸಿಗಲೇ ಇಲ್ಲ. ಹಲಗೆ ಹಿಡಿಯುವುದು, ಪುಡಿ ಗುಡಿಸುವುದು, ಬಂದ ಮಕ್ಕಳಿಗೆ "ಇವತ್ತು ಪಾಠ ಇಲ್ಲ" ಎನ್ನುವುದು, ಇಷ್ಟೇ ಅವರ ಪಾಲಿಗೆ ಬಂದದ್ದು. ದೋಣಿಯ ಅಡ್ಡಪಟ್ಟಿಗಳ ಸರದಿ ಬಂದಾಗ ದಪ್ಪ ಮರಕ್ಕೆ ಜಿಗ್‌ಸಾ ಸಾಲದಾಯಿತು. ಟೀಚರು ಗಂಡನ ಕೈಗೆ ಚೀಲ ಕೊಟ್ಟು ಅಂಗಡಿಗೆ ಹೊರಟರು.

"ಮೇಜಿನ ಮೇಲೆ ಕೂರಿಸೋ ಬ್ಯಾಂಡ್ ಸಾ ಇದೆಯಾ? ಬೆಲ್ಟಿನ ಹಾಗೆ ಬ್ಲೇಡು ಸುತ್ತುತ್ತಲ್ಲ, ಅದು."

ಅಂಗಡಿಯವನು ಲೊಚಗುಟ್ಟಿದ. "ಯಜಮಾನ್ರಿಗೆ ಹುಚ್ಚು ಜಾಸ್ತಿ ಆಯ್ತಾಮ್ಮಾ?"

ಚೀಲ ಹಿಡಿದು ನಿಂತಿದ್ದ ಗಂಡ ಬಾಯಿ ತೆರೆದರು. ಟೀಚರು ಅವರ ಕಾಲು ತುಳಿದು ನಿಟ್ಟುಸಿರಿಟ್ಟರು. "ಏನ್ಮಾಡೋದಪ್ಪಾ, ನಾನಂತೂ ಹೇಳಿ ಹೇಳಿ ಸೋತೆ. ಈ ಗಂಡಸರ ಕೈಲಿ ಏಗೋಕಾಗಲ್ಲ. ನನಗೆ ಆ ಸದ್ದು ಕೇಳಿದ್ರೇ ತಲೆನೋವು."

"ಪಾಪ, ನಿಜ ಕಣಮ್ಮಾ" ಎಂದ ಅಂಗಡಿಯವನು ಯಂತ್ರವನ್ನು ಇಳಿಸಿಟ್ಟು, ಮರುಕದಿಂದ ಅವರ ಹಣೆಯನ್ನೇ ನೋಡಿದ. "ಮರದ ಧೂಳು ತಡೆಯೋ ಆ ಕನ್ನಡಕ ಮಾತ್ರ ದಾರೀಲಿ ತೆಗೆದಿಟ್ಕೊಂಡು ಬನ್ನಿ. ಜನ ತಪ್ಪು ತಿಳ್ಕೋತಾರೆ."