ಮಲಗಿದಜ್ಜನ ನೇಮಕ

ಬನ್ನಿ, ಕಾಲಿನ ಮರಳನ್ನು ಮೆಟ್ಟಿಲ ಮೇಲೇ ಕೊಡವಿ ಒಳಗೆ ಬನ್ನಿ. ಆ ಬೆತ್ತದ ಕುರ್ಚಿಗೆ ಒಂದು ಕಾಲು ಕುಂಟು, ಗೋಡೆಗೆ ಒರಗಿಸಿ ಕೂತರೆ ಏನೂ ಮಾಡುವುದಿಲ್ಲ. ನಿಂಬೆಹಣ್ಣಿನ ನೀರು ಕುಡಿಯುತ್ತಾ ಕೇಳಿ. ನಡುವೆ ಬಾಯಿ ಹಾಕಬೇಡಿ, ನನಗೆ ಎಳೆ ತಪ್ಪುತ್ತದೆ.

ನನ್ನ ಗಂಡ ಸರ್ಕಾರಿ ದಾಖಲೆಯ ಪ್ರಕಾರ ಒಂದು ಪ್ರೇಕ್ಷಣೀಯ ಸ್ಥಳ.

ನಗಬೇಡಿ. ಮೊಹರು ಹಾಕಿದ್ದಾರೆ.

ನಮ್ಮದು ರಜಾಕಾಲದ ಊರು. ಇದು ನಾವು ಕೊಚ್ಚಿಕೊಳ್ಳುವ ಮಾತಲ್ಲ, ಪ್ರವಾಸ ಕಚೇರಿಯವರೇ ಕೊಟ್ಟ ದರ್ಜೆ. ಆ ದರ್ಜೆ ಸಿಗಬೇಕಾದರೆ ಊರಲ್ಲಿ ಮಾಡತಕ್ಕ ಕೆಲಸ ಎರಡು, ನೋಡತಕ್ಕ ಸ್ಥಳ ಐದು ಇರಬೇಕೆಂದು ನಿಯಮ. ಮಾಡತಕ್ಕ ಕೆಲಸಕ್ಕೇನೂ ತೊಂದರೆಯಾಗಲಿಲ್ಲ. ಸಮುದ್ರದಲ್ಲಿ ಕಾಲು ನೆನೆಸಿಕೊಳ್ಳುವುದು ಒಂದು, ನೆನೆದ ಕಾಲು ಒಣಗಿಸಿಕೊಳ್ಳುವುದು ಇನ್ನೊಂದು. ನೋಡತಕ್ಕವನ್ನು ಬಸ್ ನಿಲ್ದಾಣದ ಎದುರು ನೀಲಿ ಫಲಕದಲ್ಲಿ ಬರೆಸಿದ್ದರು. ಮೊದಲನೆಯದು ಸಮುದ್ರ. ಎರಡನೆಯದು ದೀಪಸ್ತಂಭ. ಮೂರನೆಯದು, ದೀಪಸ್ತಂಭದ ಬಾಗಿಲಿಗೆ ನೇತುಹಾಕಿರುವ ‘ದೀಪಸ್ತಂಭ ಮುಚ್ಚಿದೆ’ ಎಂಬ ಹಲಗೆ. ನಾಲ್ಕನೆಯದು ಸೂರ್ಯಾಸ್ತ, ರಜಾದಿನಗಳಲ್ಲಿ ಸೂರ್ಯಾಸ್ತಕ್ಕೆ ಕಚೇರಿ ಹೊಣೆಯಲ್ಲ. ಐದನೆಯದು ಮಲಗಿದಜ್ಜ.

ಮಲಗಿದಜ್ಜ ಒಂದು ಬಂಡೆ. ಇಲ್ಲೇ, ನನ್ನ ಮಗಳ ಲಾಡ್ಜಿನ ಎದುರಿಗೆ, ಮರಳಿನ ಮೇಲೆ ಅಂಗಾತ ಬಿದ್ದುಕೊಂಡಿತ್ತು. ಮೂಗು, ಹೊಟ್ಟೆ, ಮಡಚಿದ ಮೊಣಕಾಲು, ಏನೂ ಕಡಿಮೆಯಿರಲಿಲ್ಲ. ಮಕ್ಕಳು ಹೊಟ್ಟೆ ಹತ್ತಿ ಜಾರುತ್ತಿದ್ದರು, ಹೊಸದಾಗಿ ಮದುವೆಯಾದವರು ಮೂಗಿಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಹೀಗಾದರೆ ಅಜ್ಜ ಸವೆದುಹೋಗುತ್ತಾನಲ್ಲ ಎಂದು ಕಚೇರಿಯ ಮುಖ್ಯಾಧಿಕಾರಿಗೆ ಕರುಳು ಚುರುಕ್ ಅಂದಿತು. ರಕ್ಷಣೆಗಾಗಿ ಸುತ್ತ ಗೋಡೆ ಕಟ್ಟಿಸಲು ತೀರ್ಮಾನಿಸಿದರು. ಗುತ್ತಿಗೆ ಅವರ ಭಾಮೈದನಿಗೆ ಸಿಕ್ಕಿತು. ಅರ್ಜಿ ಹಾಕಿದವರಲ್ಲಿ ಆ ಅರ್ಹತೆ ಅವನೊಬ್ಬನಿಗೇ ಇದ್ದದ್ದು. ಗೋಡೆ ಅರ್ಧವಾಗುವಾಗ ಕಲ್ಲು ಮುಗಿಯಿತು. ದೂರದಿಂದ ಕಲ್ಲು ತರಿಸುವುದು ಸಾರ್ವಜನಿಕರ ಹಣದ ದುಂದು ಎಂದು ಭಾಮೈದ ಹತ್ತಿರದ ಕಲ್ಲನ್ನೇ ಒಡೆಸಿದ.

ರಿಬ್ಬನ್ ಕತ್ತರಿಸಿದರು. ಬಾಗಿಲು ತೆಗೆದರು. ಎಲ್ಲರೂ ಒಳಗೆ ಹೋದೆವು. ಗೋಡೆ ಬಹಳ ಗಟ್ಟಿಯಾಗಿತ್ತು. ಒಳಗೆ ಮರಳಿತ್ತು.

“ಅಜ್ಜ ಎಲ್ಲಿ ಸ್ವಾಮಿ?” ಎಂದೆ ನಾನು.

“ಎಲ್ಲೂ ಹೋಗಿಲ್ಲ ತಾಯಿ, ಇಲ್ಲೇ ಸುತ್ತ ಇದ್ದಾನೆ,” ಎಂದರು ಮುಖ್ಯಾಧಿಕಾರಿ, ಗೋಡೆ ತಟ್ಟಿ. “ಮಲಗಿದ್ದವನು ಎದ್ದು ನಿಂತಿದ್ದಾನೆ, ಅಷ್ಟೆ.”

ಚಪ್ಪಾಳೆ ತಟ್ಟಿ ಮನೆಗೆ ಬಂದೆವು.

ಆದರೆ ಪ್ರವಾಸಿಗಳಲ್ಲಿ ಯಾರೋ ಒಬ್ಬ, ಅವನ ಹೊಟ್ಟೆ ತಣ್ಣಗಿರಲಿ, ಮೇಲಿನ ಕಚೇರಿಗೆ ದೂರು ಹೇಳಿಬಿಟ್ಟ. ಅಲ್ಲಿಂದ ಉತ್ತರ ಬಂತು: ತಪಾಸಣೆಗೆ ಒಬ್ಬರು ಮೇಡಂ ಬರುತ್ತಾರೆ. ಐದರಲ್ಲಿ ಒಂದು ಕಡಿಮೆಯಾದರೂ ದರ್ಜೆ ರದ್ದು. ದರ್ಜೆ ಹೋದ ಊರಿಗೆ ಬಸ್ ಬರತಕ್ಕದ್ದಲ್ಲ.

ಮಗಳು ಒಗೆದ ಹಾಸುಬಟ್ಟೆಗಳ ರಾಶಿಯ ಮೇಲೆ ಕುಸಿದು ಕೂತಳು. “ಅಮ್ಮಾ, ಬಸ್ಸೇ ನಿಂತ್ರೆ ನನ್ನ ಆರು ರೂಮಲ್ಲಿ ಇರೋರು ಯಾರು? ಏಡಿಗಳಾ?”

“ಏಡಿ ಬಿಸಿನೀರು ಕೇಳಲ್ಲ, ಅದೊಂದು ಉಪಕಾರ,” ಎಂದರು ನಮ್ಮವರು.

“ಅಪ್ಪಾ, ನೀವು ಸುಮ್ನಿರಿ. ಲಾಡ್ಜ್ ಮುಚ್ಚಿದ್ರೆ ನಾನು ಎಲ್ಲಿಗೆ ಹೋಗ್ಲಿ?”

ಅವರು ಸುಮ್ಮನಾಗುವುದೆಂದರೆ ಮಲಗುವುದು. ನಮ್ಮವರು ದೀಪಸ್ತಂಭದ ಕಾವಲುಗಾರರಾಗಿದ್ದವರು. ಕೆಲಸದಲ್ಲಿದ್ದಷ್ಟು ಕಾಲ ರಾತ್ರಿ ರೆಪ್ಪೆಗೆ ರೆಪ್ಪೆ ಹಚ್ಚಿದವರಲ್ಲ. ನಿವೃತ್ತಿಯಾದ ಮೇಲೆ ಅಷ್ಟನ್ನೂ ವಸೂಲಿ ಮಾಡುತ್ತಿದ್ದಾರೆ. ಊಟವಾದದ್ದೇ ತಡ, ಜಗಲಿಯ ಕ್ಯಾನ್ವಾಸ್ ಕುರ್ಚಿಯಲ್ಲಿ ಹೊಟ್ಟೆಯ ಮೇಲೆ ಕೈ ಹೆಣೆದುಕೊಂಡು ಒರಗಿದರೆ, ಸಂಜೆಯ ಚಹಾ ಮೂಗಿನ ಹತ್ತಿರ ಹಿಡಿದಾಗಲೇ ಈ ಲೋಕಕ್ಕೆ ಬರುವುದು. ಒಮ್ಮೆ ಕಾಗೆ ಬಂದು ಅವರ ತಲೆಯ ಮೇಲೆ ಕೂತು ರೊಟ್ಟಿ ತಿಂದು ಹೋಗಿತ್ತು.

ಹಾಗೆ ಮಲಗಿದ್ದಾಗಲೇ ಮುಖ್ಯಾಧಿಕಾರಿ ಗುಮಾಸ್ತನನ್ನು ಕರೆದುಕೊಂಡು, ಬೆವರು ಒರೆಸಿಕೊಳ್ಳುತ್ತಾ ಬಂದರು. ನೀರು ಕೇಳಿದರು. ನೀರು ಕುಡಿಯುತ್ತಾ ಕುರ್ಚಿಯ ಕಡೆ ನೋಡಿದರು. ಲೋಟ ಹಾಗೇ ಬಾಯಲ್ಲಿ ನಿಂತಿತು.

“ತಾಯಿ, ಇವರಿಗೆ ಮೊಮ್ಮಕ್ಕಳಿದ್ದಾರಾ?”

“ನನ್ನ ಮಗನ ಮಕ್ಕಳಿದ್ದಾರೆ.”

“ಅಂದ್ರೆ, ಅಜ್ಜ?”

“ಅಜ್ಜನೇ.”

“ಮಲಗಿದ್ದಾರಾ?”

“ಕಾಣಿಸ್ತಿಲ್ವಾ? ಹೋಗ್ಲಿ, ಗೊರಕೆ ಕೇಳಿಸ್ತಿಲ್ವಾ?”

ಮುಖ್ಯಾಧಿಕಾರಿ ಟೋಪಿ ತೆಗೆದು ಎದೆಗೆ ಹಿಡಿದುಕೊಂಡರು. “ಫಲಕದಲ್ಲಿ ಬಂಡೆ ಅನ್ನೋ ಪದ ಏನಾದ್ರೂ ಇದೆಯೇನಯ್ಯಾ?” ಗುಮಾಸ್ತ ಬಸ್ ನಿಲ್ದಾಣದವರೆಗೆ ಓಡಿಹೋಗಿ ನೋಡಿಕೊಂಡು ಬಂದ. ಇರಲಿಲ್ಲ. ಮಲಗಿದಜ್ಜ ಎಂದಷ್ಟೇ ಇತ್ತು.

ಸಂಜೆಯೊಳಗೆ ಆದೇಶ ಬಂತು. ಗುಮಾಸ್ತ ಓದಿದ್ದು ನನಗೆ ಬಾಯಿಪಾಠವಾಗಿದೆ: ‘ಸದರಿ ಅಜ್ಜನನ್ನು ಸದರಿ ಅಜ್ಜನ ಸ್ಥಾನದಲ್ಲಿ ಈ ಮೂಲಕ ನೇಮಿಸಲಾಗಿದೆ. ಸ್ಥಳವು ಮಧ್ಯಾಹ್ನದ ಊಟದಿಂದ ಸಂಜೆಯ ಚಹಾದವರೆಗೆ ಗೋಡೆಯೊಳಗೆ ಮಲಗಿರತಕ್ಕದ್ದು. ಮಗ್ಗುಲು ಬದಲಿಸುವುದು ಅನಿವಾರ್ಯವಾದಲ್ಲಿ ಸಮುದ್ರದ ಕಡೆಗೆ ಬದಲಿಸತಕ್ಕದ್ದು. ಗೊರಕೆಯು ಅಲೆಯ ಸದ್ದನ್ನು ಮೀರತಕ್ಕದ್ದಲ್ಲ. ಸಾರ್ವಜನಿಕರು ಸ್ಥಳಕ್ಕೆ ಕಚಗುಳಿಯಿಡತಕ್ಕದ್ದಲ್ಲ. ಸ್ಥಳದ ಮೇಲೆ ಪಾಚಿ ಕಟ್ಟದಂತೆ ಸ್ಥಳದ ಹೆಂಡತಿಯು ಎಚ್ಚರ ವಹಿಸತಕ್ಕದ್ದು.’

“ದಿನಾ ಮಾಡೋದೇ ತಾನೆ,” ಎಂದರು ನಮ್ಮವರು. ಮಗಳು ಅಪ್ಪನ ಗಲ್ಲ ಹಿಡಿದು ಮುದ್ದಿಸಿದಳು.

ಮಾರನೆಯ ದಿನ ಕುರ್ಚಿಯನ್ನು ಗೋಡೆಯೊಳಗೆ ಹಾಕಿದೆವು. ನಮ್ಮವರು ಹೊಟ್ಟೆ ತುಂಬ ಉಂಡು, ಬಟನ್ನೆಲ್ಲ ಹಾಕಿಕೊಂಡು ಹೋಗಿ ಕೂತರು. ಕೂತೇ ಇದ್ದರು. ಬೆನ್ನು ನೆಟ್ಟಗೆ, ಕಣ್ಣು ಸಮುದ್ರದ ಮೇಲೆ.

“ಮಲಗ್ರೀ,” ಎಂದೆ.

“ಹೆಂಗೆ ಮಲಗಲಿ? ಡ್ಯೂಟಿ ಮೇಲಿದ್ದೀನಿ.”

“ಡ್ಯೂಟಿಯೇ ಮಲಗೋದು ಕಣ್ರೀ!”

“ಡ್ಯೂಟಿ ಮೇಲೆ ಮಲಗಿದವನು ಅಂತ ಅನ್ನಿಸ್ಕೊಂಡಿಲ್ಲ ನಾನು. ಈ ವಯಸ್ಸಲ್ಲಿ ಅನ್ನಿಸ್ಕೊಳ್ಳಲಾ?”

ಮಗಳು ಬಿಸಿ ಹಾಲು ಕೊಟ್ಟಳು. ಮುಖ್ಯಾಧಿಕಾರಿ ಖುದ್ದಾಗಿ ಬೀಸಣಿಗೆ ಬೀಸಿದರು. ಭಾಮೈದ ಕಾಲೊತ್ತಿದ, ಒತ್ತುತ್ತಾ ಅವನೇ ನಿದ್ದೆ ಹೋದ. ಸುಮ್ಮನೆ ಕಣ್ಣಾದರೂ ಮುಚ್ಚಿ ಅಪ್ಪಾ ಎಂದು ಮಗಳು ಅಂಗಲಾಚಿದರೆ, ಅದು ಸರ್ಕಾರಕ್ಕೆ ಮೋಸ ಎಂದುಬಿಟ್ಟರು. ದೂರದಲ್ಲಿ ದೋಣಿ ಕಂಡಾಗಲೆಲ್ಲ ಎದ್ದು ನಿಂತು ಕೈ ಬೀಸುತ್ತಿದ್ದರು. ತಪಾಸಣೆಯ ದಿನದವರೆಗೂ ಇದೇ ಹಾಡು. ಮಗಳು ಬುಕಿಂಗ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದಳು.

ಮೇಡಂ ಬಂದರು. ಕಪ್ಪು ಕೊಡೆ, ಕಂಕುಳಲ್ಲಿ ಫ್ಲಾಸ್ಕು, ಕಣ್ಣಿನ ಕೆಳಗೆ ಕಾಡಿಗೆ ಬಳಿದಂಥ ಕಪ್ಪು. ಸಮುದ್ರಕ್ಕೆ ಗುರುತು ಹಾಕಿದರು. ದೀಪಸ್ತಂಭಕ್ಕೆ ಹಾಕಿದರು. ಹಲಗೆಯನ್ನು ಓದಿ, ಕಾಗುಣಿತ ಸರಿಯಿದೆ ಎಂದರು. ಸೂರ್ಯಾಸ್ತ ಸಂಜೆ ಆಗುತ್ತದೆಂದು ಮುಖ್ಯಾಧಿಕಾರಿ ಬರೆದುಕೊಟ್ಟರು. ಆಮೇಲೆ ಗೋಡೆಯ ಬಾಗಿಲು ತೆಗೆಸಿದರು.

“ಏನಿದು?”

“ಮಲಗಿದಜ್ಜ, ಮೇಡಂ.”

“ನಮಸ್ಕಾರ,” ಎಂದರು ನಮ್ಮವರು.

“ಎದ್ದಿದ್ದಾರಲ್ರೀ!”

“ದುರಸ್ತಿ ನಡೀತಿದೆ ಮೇಡಂ,” ಎಂದರು ಮುಖ್ಯಾಧಿಕಾರಿ.

ಮೇಡಂ ತಲೆಯಾಡಿಸಿ ಚೀಲದಿಂದ ರದ್ದತಿಯ ಆದೇಶ ತೆಗೆದು, ಖಾಲಿ ಬಿಟ್ಟಿದ್ದ ಜಾಗಗಳನ್ನು ತುಂಬಿದರು. ಅದನ್ನು ಸ್ಥಳದ ಮುಂದೆಯೇ, ಪೂರ್ತಿಯಾಗಿ, ಗಟ್ಟಿಯಾಗಿ ಓದಬೇಕೆಂದು ನಿಯಮ. ನನ್ನ ಮಗಳು ನನ್ನ ಸೆರಗು ಹಿಡಿದುಕೊಂಡಳು, ಚಿಕ್ಕಂದಿನಲ್ಲಿ ಹಿಡಿಯುತ್ತಿದ್ದಳಲ್ಲ, ಹಾಗೆ.

“ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಉಲ್ಲೇಖ ಒಂದನ್ನು ಉಲ್ಲೇಖ ಎರಡರೊಂದಿಗೆ ಓದಿಕೊಂಡು, ಮಲಗಿದಜ್ಜ ಎಂಬ ಸ್ಥಳವನ್ನು ಈ ಕ್ಷಣದಿಂದಲೇ ಸಕಲ ಕರ್ತವ್ಯಗಳಿಂದ ಬಿಡುಗಡೆಗೊಳಿಸಲಾಗಿದೆ...”

“ಬಿಡುಗಡೆನಾ?” ಎಂದರು ನಮ್ಮವರು.

“ಹೌದು.”

“ಈಗಿಂದೀಗ್ಲೇ?”

“ಈಗಿಂದೀಗ್ಲೇ.”

ಮೇಲಿನ ಎರಡು ಬಟನ್ ಬಿಚ್ಚಿದರು. ಹೊಟ್ಟೆಯ ಮೇಲೆ ಕೈ ಹೆಣೆದರು. ಒಂದು ಅಲೆ ಬಂದು ಹಿಂದೆ ಸರಿಯುವಷ್ಟರಲ್ಲಿ ಗೊರಕೆ ಶುರುವಾಯಿತು.

ಮೇಡಂ ಓದುತ್ತಲೇ ಇದ್ದರು. “...ಸದರಿ ಅಜ್ಜನು ಮಲಗಿರುವುದಿಲ್ಲವೆಂಬುದು ಕಣ್ಣಾರೆ ಕಂಡುಬಂದಿರುವುದರಿಂದ...” ಎನ್ನುವಲ್ಲಿಗೆ ತಲೆಯೆತ್ತಿದರು. ನೋಡಿದರು. ಬಗ್ಗಿ ನೋಡಿದರು. “ಅಜ್ಜಾ?” ಎಂದರು. ಗಟ್ಟಿಯಾಗಿ, “ಅಜ್ಜಾ!” ಎಂದರು. ಕೊಡೆಯನ್ನು ಕಿವಿಯ ಪಕ್ಕ ಫಟ್ಟನೆ ಬಿಚ್ಚಿದರು. ಗೊರಕೆ ಅಲೆಯ ಸದ್ದನ್ನು ಒಂದಿಷ್ಟೂ ಮೀರಲಿಲ್ಲ.

“ಆದೇಶದಲ್ಲಿ ಸುಳ್ಳು ಬರೆಯೋ ಹಾಗಿಲ್ಲ,” ಎಂದು ಮೇಡಂ ಕಾಗದ ಮಡಚಿದರು. “ರದ್ದತಿ ರದ್ದು.” ಸ್ವಲ್ಪ ಹೊತ್ತು ನಮ್ಮವರನ್ನೇ ನೋಡುತ್ತಾ ನಿಂತು, ನನ್ನ ಹತ್ತಿರ ಬಂದು ಪಿಸುಗುಟ್ಟಿದರು: “ಅಮ್ಮಾ, ಇಂಥದ್ದೇ ಇನ್ನೊಂದು ಕುರ್ಚಿ ಇದೆಯಾ?”

ಇತ್ತು. ಸೂರ್ಯಾಸ್ತವನ್ನು ಅವರು ನೋಡಲಿಲ್ಲ.

ಆವತ್ತಿನಿಂದ ಇದೇ ಪದ್ಧತಿ. ದಿನಾ ಊಟವಾದ ಮೇಲೆ ನಮ್ಮವರನ್ನು ವಿಧಿಪೂರ್ವಕ ಕೆಲಸದಿಂದ ತೆಗೆಯುತ್ತಾರೆ, ಸಂಜೆ ಚಹಾದ ಜೊತೆ ಮತ್ತೆ ನೇಮಿಸುತ್ತಾರೆ. ತೆಗೆಯುವುದನ್ನು ನೋಡಲು ಜನ ಬಸ್ಸಿನ ಮೇಲೆ ಬಸ್ಸು ಹಿಡಿದು ಬರುತ್ತಾರೆ. ಫಲಕದಲ್ಲಿ ಅದನ್ನು ಆರನೆಯದಾಗಿ ಸೇರಿಸಿದ್ದಾರೆ.

ಮುಖ್ಯಾಧಿಕಾರಿ ಬಡ್ತಿ ಸಿಕ್ಕಿ ಬೆಟ್ಟದ ಊರಿಗೆ ಹೋದರು. ಅಲ್ಲೊಂದು ಜಲಪಾತ ಇದೆಯಂತೆ, ರಕ್ಷಣೆಯಿಲ್ಲದೆ ಸುರಿಯುತ್ತಿದೆಯಂತೆ. ಭಾಮೈದ ಆಗಲೇ ಅಳತೆ ತೆಗೆದುಕೊಂಡು ಬಂದಿದ್ದಾನೆ. ಆದೇಶ ಓದಿ ಓದಿ ಗುಮಾಸ್ತನ ಗಂಟಲು ಎಷ್ಟು ಪಳಗಿದೆಯೆಂದರೆ, ಮನೆಯಲ್ಲಿ ‘ವಿಷಯ’ ಎಂದರೆ ಸಾಕು, ಅವನ ಕೈಗೂಸು ತೂಕಡಿಸುತ್ತದೆ. ಮೇಡಂ ವರ್ಷವರ್ಷವೂ ತಪಾಸಣೆಗೆ ಬಂದು, ಎರಡನೆಯ ಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡೇ ತಪಾಸಣೆ ಮುಗಿಸುತ್ತಾರೆ. ಕಣ್ಣಿನ ಕೆಳಗಿನ ಕಪ್ಪೆಲ್ಲ ಹೋಗಿ ಹುಡುಗಿಯ ಹಾಗಾಗಿದ್ದಾರೆ. ಮಗಳು ಮಹಡಿ ಕಟ್ಟಿಸುತ್ತಿದ್ದಾಳೆ. ಕಲ್ಲು ಹೊರಗಿನಿಂದ ತರಿಸು ಎಂದು ಹೇಳಿದ್ದೇನೆ.

ನಾನಾ? ನನ್ನನ್ನು ‘ಸ್ಥಳಕ್ಕೆ ಹೊಂದಿಕೊಂಡ ಸೌಲಭ್ಯ’ ಎಂದು ಬರೆದುಕೊಂಡಿದ್ದಾರೆ. ಇರಲಿ, ಮದುವೆಯಾದಂದಿನಿಂದ ಅದೇ ತಾನೆ.

ಲೋಟ ಅಲ್ಲೇ ಇಡಿ, ಮೆಲ್ಲಗೆ ಬನ್ನಿ. ಗುಮಾಸ್ತ ಕಾಗದ ಹಿಡಿದು ಬರುತ್ತಿದ್ದಾನೆ, ನಮ್ಮವರು ಆಗಲೇ ಬಟನ್‌ಗೆ ಕೈ ಹಾಕಿದ್ದಾರೆ. ಅವರನ್ನು ಕೆಲಸದಿಂದ ತೆಗೆಯುವ ಹೊತ್ತಾಯಿತು.