ಅಕ್ಕನ ಮದುವೆಗೆ ತಮಟೆ ಹೊಡೆದವನು ನಾನೇ

ನಂಬುವುದಿಲ್ಲವೇ? ನಂಬಬೇಡಿ. ಕೂನೂರಿನ ಸುತ್ತಮುತ್ತ ಯಾವ ಹಟ್ಟಿಗೆ ಬೇಕಾದರೂ ಹೋಗಿ, ಮೂರೇ ತಿಂಗಳಲ್ಲಿ ತಮಟೆ ಕಲಿತ ಗಂಡು ಯಾರು ಎಂದು ಕೇಳಿ. ನೇರ ನಮ್ಮ ಮನೆಯ ದಾರಿ ತೋರಿಸುತ್ತಾರೆ. ಕೆಲವರು ನಗುತ್ತಾ ತೋರಿಸುತ್ತಾರೆ, ಅದು ಬೇರೆ ಮಾತು. ದೊಡ್ಡ ಕೆಲಸಕ್ಕೆ ಕೈ ಹಾಕುವವನ ಸುತ್ತ ಇಂಥವು ಆಗುತ್ತಲೇ ಇರುತ್ತವೆ.

ಶುರುವಾದದ್ದು ಅಕ್ಕನ ನಿಶ್ಚಿತಾರ್ಥದ ದಿನ. ನಮ್ಮಲ್ಲಿ ಎಲ್ಲರೂ ಸುತ್ತು ಕಟ್ಟಿ ಕುಣಿಯದೆ ಶುಭಕಾರ್ಯವಿಲ್ಲ. ಈಗೀಗ ಹಾಡು ಬರುವುದು ಸೌಂಡ್ ಬಾಕ್ಸಿನಿಂದ. ಅವತ್ತು ಕುಣಿತದ ನಡುವೆ ಕರೆಂಟು ಹೋಯಿತು. ಇಡೀ ಸುತ್ತು ಒಂದು ಕಾಲು ಎತ್ತಿಕೊಂಡು ಹಾಗೇ ನಿಂತಿತು, ಕೊಕ್ಕರೆಗಳ ಹಾಗೆ. ನನಗೆ ರೋಷ ಬಂತು. "ಅಕ್ಕನ ಮದುವೆಗೆ ಪೆಟ್ಟಿಗೆ ಬೇಡ! ನಾನೇ ನುಡಿಸುತ್ತೇನೆ!" ಎಂದು ಕೂಗಿದೆ. ಮರುದಿನ ಅಪ್ಪ ಕಾಫಿ ಕುಡಿಯುತ್ತಾ, "ಬಾಕ್ಸಿನವನಿಗೆ ಫೋನ್ ಮಾಡಿ ಬೇಡ ಎಂದುಬಿಟ್ಟೆ" ಎಂದರು. ಅಕ್ಕ ನನ್ನನ್ನು ನೋಡಿದ ನೋಟ ಇವತ್ತಿಗೂ ಬೆನ್ನಲ್ಲಿದೆ. "ಏನಾದರೂ ಕೈ ಕೊಟ್ಟೆಯೋ, ನನ್ನ ಮದುವೆಗೆ ನೀನು ಬರಲೇಬೇಡ" ಎಂದಳು.

ಆಗ ನನಗೆ ತಮಟೆಯ ಯಾವ ಬದಿಗೆ ಹೊಡೆಯಬೇಕೆಂದೂ ಗೊತ್ತಿರಲಿಲ್ಲ.

ಕಿಟಕಿ ಸೀಟು

ಅದೃಷ್ಟಕ್ಕೆ ಕೂನೂರಿನಲ್ಲಿ ಪ್ರತಿ ಭಾನುವಾರ ಜನಪದ ವಾದ್ಯಗಳ ಕಾರ್ಯಾಗಾರ ನಡೆಯುತ್ತಿತ್ತು. ಕಲಿಸುವವರು ಗುಡ್ಡದಾಚೆ ಊರಿನ ಒಬ್ಬ ಅಜ್ಜ. ತಲೆತಲಾಂತರದಿಂದ ಓಲಗ, ತಮಟೆ ನುಡಿಸಿಕೊಂಡು ಬಂದ ಮನೆತನ. "ಏನೇನು ಬರುತ್ತೆ ನಿನಗೆ?" ಎಂದು ಕೇಳಿದರು. "ಎಲ್ಲ ಬರುತ್ತೆ, ಕಲಿಯುವುದೊಂದು ಬಾಕಿ" ಎಂದೆ. ಓಲಗದಿಂದಲೇ ಶುರು ಮಾಡಿಸಿದರು.

ಓಲಗದ ಗುಟ್ಟೇನೆಂದರೆ ಉಸಿರು ಕಡಿಯಬಾರದು. ಮೂಗಿನಲ್ಲಿ ಎಳೆಯುತ್ತಲೇ ಬಾಯಲ್ಲಿ ಊದಬೇಕು. ಅಭ್ಯಾಸಕ್ಕೆ ನೀರಿನೊಳಗೆ ಕೊಳವೆ ಇಟ್ಟು, ಗುಳ್ಳೆ ನಿಲ್ಲದ ಹಾಗೆ ಊದುತ್ತಾ ಇರಬೇಕು. ಮಾರನೆಯ ದಿನ ಮೇಟ್ಟುಪಾಳ್ಯಂಗೆ ಗೊಬ್ಬರ ತರಲು ಹೊರಟಿದ್ದೆ. ಘಾಟಿ ಬಸ್ಸಿನಲ್ಲಿ ನಿಂತುಕೊಂಡೇ ನೀರಿನ ಬಾಟಲಿಗೆ ಕೊಳವೆ ಹಾಕಿ ಊದಲು ಶುರುಮಾಡಿದೆ. ಗುಳು ಗುಳು ಗುಳು. ಕಣ್ಣು ಕೆಂಪು, ಕೆನ್ನೆ ಬುಗ್ಗೆ. ಮೂರನೆಯ ತಿರುವಿನಲ್ಲಿ ಕಂಡಕ್ಟರ್ ನೋಡಿದವನೇ, "ಅಯ್ಯೋ, ಈ ಹುಡುಗನಿಗೆ ವಾಂತಿ ಬರ್ತಿದೆ! ಕಿಟಕಿ ಬಿಡಿ, ಕಿಟಕಿ ಬಿಡಿ!" ಎಂದು ಅರಚಿದ. ಒಬ್ಬ ದಪ್ಪ ವ್ಯಾಪಾರಿ ಜಿಗಿದೆದ್ದು ಜಾಗ ಬಿಟ್ಟ. ಹಿಂದಿನ ಸೀಟಿನ ಅಮ್ಮ ನಿಂಬೆಹಣ್ಣು ಕೊಟ್ಟರು.

ಓಲಗ ನನಗೆ ಒಲಿಯಲಿಲ್ಲ, ನಿಜ. ಆದರೆ ಅವತ್ತಿನಿಂದ ಆ ದಾರಿಯಲ್ಲಿ ನಾನು ನಿಂತು ಪ್ರಯಾಣ ಮಾಡಿಲ್ಲ.

ಹದ

ಓಲಗ ಬಿಟ್ಟು ತಮಟೆಗೆ ಬಂದೆ. ಬಂದೆ ಎನ್ನುವುದೇನು, ಅಜ್ಜನೇ "ನಿನ್ನ ಬಾಯಿಗೆ ಬೇರೆ ಕೆಲಸ ಜಾಸ್ತಿ, ಕೈ ನೋಡೋಣ" ಎಂದು ದಬ್ಬಿದರು. ಕೈ ನೋಡಿ ಸುಮ್ಮನಾದರು. ಸುಮ್ಮನಾದರೆ ಮೆಚ್ಚಿದರು ಎಂದೇ ಅರ್ಥ.

ನಮ್ಮ ಬೆಟ್ಟದ ಮಂಜಿನಲ್ಲಿ ತಮಟೆಯ ಚರ್ಮ ಹಪ್ಪಳದ ಹಿಟ್ಟಿನ ಹಾಗೆ ಮೆತ್ತಗಾಗುತ್ತದೆ. ನುಡಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು. ಕಾರ್ಯಾಗಾರದ ತಮಟೆಯನ್ನು ಕೇಳಿ ಮನೆಗೆ ತಂದಿದ್ದೆ. ಅವತ್ತು ಜಡಿ ಹನಿ, ಸೌದೆಯೆಲ್ಲ ಒದ್ದೆ. ಬುದ್ಧಿವಂತನಿಗೆ ಬೆಂಕಿಗೇನು ಬರ? ಚಿಕ್ಕಪ್ಪ ಟೀ ಫ್ಯಾಕ್ಟರಿಯಲ್ಲಿ ಎಲೆ ಒಣಗಿಸುವ ಡ್ರೈಯರ್ ನೋಡಿಕೊಳ್ಳುತ್ತಾರೆ. ನೇರ ಅಲ್ಲಿಗೆ ಹೋಗಿ ತಮಟೆಯನ್ನು ಬಿಸಿಗಾಳಿಯ ಬಾಯಿಗೆ ಹಿಡಿದೆ. ಐದೇ ನಿಮಿಷ. ಒಂದು ಪೆಟ್ಟು ಹಾಕಿದರೆ ತಗಡಿನ ಮಾಡು ನಡುಗಿತು! ಚಿಕ್ಕಪ್ಪನ ಭುಜ ತಾನಾಗಿ ಕುಣಿಯಿತು. ಮೂಟೆ ಹೊರುವವರು ಬಂದರು, ಎಲೆ ತೂಗುವವನು ಬಂದ, ಸುತ್ತು ಕಟ್ಟಿತು. "ಹೌ ಹೌ" ಎಂಬ ಕೂಗು ಎದ್ದಿತು.

ಸೂಪರ್‌ವೈಸರ್ ಓಡಿ ಬರುವಷ್ಟರಲ್ಲಿ ಸುಟ್ಟ ವಾಸನೆ ತುಂಬಿತ್ತು.

"ಏನ್ರೀ ಇದು? ಯಾವುದು ಸೀದದ್ದು? ಚರ್ಮವಾ?" ಎಂದು ಕಿರುಚಿದರು.

ಚಿಕ್ಕಪ್ಪ ಬೆವರು ಒರೆಸಿಕೊಂಡು ಬಹಳ ವಿನಯದಿಂದ ಹೇಳಿದರು: "ಇಲ್ಲ ಸಾರ್, ಚರ್ಮ ಸರಿಯಾಗಿ ಹದಕ್ಕೆ ಬಂದಿದೆ. ಸೀದದ್ದು ಟೀ."

ಏಳು

ಒಂದು ಭಾನುವಾರ ಕೊಯಮತ್ತೂರಿನಿಂದ ಸಂಗೀತ ಬಲ್ಲ ಒಬ್ಬ ಸಾರ್ ನೋಟ್‌ಬುಕ್ ಹಿಡಿದು ಬಂದರು. ಅಜ್ಜ ಟೀ ಕುಡಿಯಲು ಹೋಗಿದ್ದ ಸಮಯ. "ಈ ಕುಣಿತಕ್ಕೆ ಎಷ್ಟು ಪೆಟ್ಟಿನ ಲೆಕ್ಕ?" ಎಂದು ನನ್ನನ್ನೇ ಕೇಳಿದರು. ತಮಟೆ ಹಿಡಿದು ನಿಂತವನು ಗೊತ್ತಿಲ್ಲ ಎನ್ನಲಾದೀತೇ? "ಏಳು" ಎಂದೆ. ಬಾಯಿಗೆ ಬಂದದ್ದು ಏಳು. ಅವರು ಬರೆದುಕೊಂಡು, ತಾವು ಕರೆತಂದ ಕಾಲೇಜು ಮಕ್ಕಳನ್ನು ಸುತ್ತು ನಿಲ್ಲಿಸಿ ಏಳು ಎಣಿಸಿ ಕುಣಿಸತೊಡಗಿದರು. ಎರಡನೆಯ ಸುತ್ತಿಗೆ ಅರ್ಧ ಜನ ಎಡಕ್ಕೆ, ಅರ್ಧ ಜನ ಬಲಕ್ಕೆ. ಅಜ್ಜ ಬಂದಾಗ ಎಲ್ಲರೂ ಒಬ್ಬರ ಮೇಲೊಬ್ಬರು ಬಿದ್ದಿದ್ದರು, ಸಾರ್ ಅಡಿಯಲ್ಲಿ.

"ಏಳು ಎಂದವರು ಯಾರು?"

ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು.

ಅಜ್ಜ ನನ್ನ ಕೈಯಿಂದ ತಮಟೆ ತೆಗೆದುಕೊಂಡರು. ಮದುವೆಗೆ ಐದೇ ವಾರ. "ಇದಕ್ಕೆ ಎಣಿಕೆ ಇಲ್ಲ ಕಣೋ. ಸುತ್ತಿನಲ್ಲಿ ಎಲ್ಲರಿಗಿಂತ ವಯಸ್ಸಾದ ಕಾಲು ಯಾವುದೋ, ಅದನ್ನು ನೋಡಿ ಹೊಡೆಯಬೇಕು. ಆ ಕಾಲಿಗೆ ಆದರೆ ಎಲ್ಲರಿಗೂ ಆಗುತ್ತೆ. ಎರಡು ವಾರ ತಮಟೆ ಮುಟ್ಟಬೇಡ, ಕಾಲು ನೋಡು."

ಎರಡು ವಾರ ನೋಡಿದೆ. ಬಸ್‌ಸ್ಟ್ಯಾಂಡು, ಸಂತೆ, ತೋಟ, ಎಲ್ಲೆಲ್ಲೂ ಮುದುಕರ ಕಾಲೇ. ಕೊನೆಗೆ ಊರ ಹಿರಿಯರೊಬ್ಬರು ಅಪ್ಪನನ್ನು ಕರೆದು, "ನಿನ್ನ ಮಗ ಬಹಳ ಬದಲಾಗಿದ್ದಾನಪ್ಪ. ನನ್ನ ಮುಂದೆ ತಲೆಯೇ ಎತ್ತುವುದಿಲ್ಲ" ಎಂದು ಹೊಗಳಿ ಹೋದರು.

ಹಳೆಯ ಕುಣಿತ

ಮದುವೆಯ ದಿನ. ಅಜ್ಜ ಓಲಗ ಹಿಡಿದು ಬಂದರು. ಕಾರ್ಯಾಗಾರದ ತಮಟೆಯನ್ನು ನಾನು ಈ ಸಲ ಸೌದೆಯ ಬೆಂಕಿಗೇ ಹಿಡಿದು ಕಾಯಿಸಿದೆ. ಮಂಟಪದಿಂದ ಅಕ್ಕನ ಕಣ್ಣು ನನ್ನ ಕೈಯ ಮೇಲೇ. ಸುತ್ತು ಕಟ್ಟಿತು. ಎಲ್ಲರಿಗಿಂತ ಹಿರಿಯವರು ಯಾರು ಎಂದು ನೋಡಿದೆ. ಗಂಡಿನ ಕಡೆಯ ಮುತ್ತಜ್ಜಿ. ನಮ್ಮ ಕಡೆಯ ಅಜ್ಜಿಯರು ಉಡುವ ಬಿಳಿ ಮುಂಡು, ಕೆಳಗೆ ಹೊಚ್ಚ ಹೊಸ ಚಪ್ಪಲಿ. ಆ ಕಾಲಿಗೆ ಕಣ್ಣು ನೆಟ್ಟು ಹೊಡೆಯಲು ಶುರುಮಾಡಿದೆ.

ಒಂದು ಸುತ್ತು ಚಂದವಾಗಿ ಹೋಯಿತು. ಆಮೇಲೆ ಮುತ್ತಜ್ಜಿಯ ಎಡಗಾಲು ಒಂದಿಷ್ಟು ತಡವಾಗಿ ಬೀಳತೊಡಗಿತು. ನಾನೂ ತಡವಾಗಿ ಹೊಡೆದೆ. ಆಮೇಲೆ ಬಲಗಾಲು ಚಿಕ್ಕದಾಗಿ ಹಾರಿತು. ನಾನೂ ಹಾರಿಸಿದೆ. ಧಂ... ಟಕ, ಧಂ... ಟಕ. ನನ್ನ ಹೊಡೆತಕ್ಕೆ ಇಡೀ ಸುತ್ತು ಹೊಂದಿಕೊಂಡಿತು. ಇನ್ನೂರು ಜನ, ಎರಡೂ ಕಡೆಯ ಬೀಗರು, ಅಪ್ಪ, ಚಿಕ್ಕಪ್ಪ, ಕೊನೆಗೆ ಮದುಮಗನೊಂದಿಗೆ ಸುತ್ತಿಗೆ ಇಳಿದ ಅಕ್ಕ ಕೂಡ, ಎಲ್ಲರೂ ಎಡಗಾಲು ಎಳೆದು ಬಲಗಾಲಲ್ಲಿ ಹಾರುತ್ತಾ ಕುಣಿದರು. ಹೌ ಹೌ! ಮೊಬೈಲುಗಳು ಮೇಲೆದ್ದವು. ಗಂಡಿನ ದೊಡ್ಡಪ್ಪ ಕಣ್ಣೊರೆಸಿಕೊಂಡು, "ಇದೇ ಹಳೆಯ ಕುಣಿತ! ನಮ್ಮ ತಾತ ಹೀಗೇ ಕುಣಿಯುತ್ತಿದ್ದರು! ಮರೆತೇ ಹೋಗಿತ್ತು!" ಎಂದು ನನ್ನ ಬೆನ್ನು ತಟ್ಟಿದರು.

ಕುಣಿತ ನಿಂತಿತು. ಮುತ್ತಜ್ಜಿ ಜಗಲಿಯಲ್ಲಿ ಕೂತು ಚಪ್ಪಲಿ ಕಿತ್ತೆಸೆದರು. "ಹಾಳಾದ್ದು, ಹಿಮ್ಮಡಿ ಕಚ್ಚಿ ರಕ್ತ ಬಂತು! ನಿಲ್ಲೋಣ ಅಂದರೆ ಈ ಹುಡುಗ ನನ್ನ ಕಾಲಿಂದ ಕಣ್ಣೇ ತೆಗೆಯಲಿಲ್ಲ. ಏನು ಅಂದುಕೊಂಡಾನೋ ಅಂತ ಕುಂಟಿಕೊಂಡೇ ಕುಣಿದೆ."

ಅಜ್ಜ ಓಲಗ ನೆಲಕ್ಕಿಟ್ಟು ಹೊಟ್ಟೆ ಹಿಡಿದು ನಕ್ಕರು. ಅಕ್ಕ ಸೀರೆಯ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಳು. ಅಪ್ಪ ಮಾತ್ರ ಗಂಭೀರವಾಗಿ, "ತಪ್ಪು ಹೊಡೆದನಾ?" ಎಂದು ಅಜ್ಜನನ್ನು ಕೇಳಿದರು.

"ಕಾಲು ನೋಡಿ ಹೊಡೆ ಎಂದಿದ್ದೆ. ಕಾಲು ನೋಡಿ ಹೊಡೆದ. ಕುಂಟಿದ್ದು ಚಪ್ಪಲಿ" ಎಂದರು ಅಜ್ಜ.

ಊಟವಾದ ಮೇಲೆ ಅಜ್ಜ ನನ್ನನ್ನು ಕರೆದು ತಮ್ಮ ಚೀಲದಿಂದ ಒಂದು ತಮಟೆ ತೆಗೆದು ಕೊಟ್ಟರು. ತೀರಿಹೋದ ಅವರ ತಮ್ಮನದು, ಅವರ ಓಲಗದ ಜೊತೆಗೆ ನುಡಿಯುತ್ತಿದ್ದದ್ದು. "ಇನ್ನು ಇದನ್ನು ನೀನು ಹೊಡಿ" ಎಂದರು.