ಅತ್ತೆಯವರ ಅಮೋಘ ಅಭಿನಯ

ಶನಿವಾರ ಬೆಳಿಗ್ಗೆ ಸತ್ಯನಾರಾಯಣ ಹಲ್ಲುಜ್ಜುತ್ತಿರುವಾಗ ಫೋನು ಟಿಂಗ್ ಎಂದಿತು. ಬಾಯಿ ತುಂಬ ನೊರೆ ಇಟ್ಟುಕೊಂಡೇ ಓದಿದ. ಒಂದು ದಿನದ ಕಿರುಚಿತ್ರ ಸ್ಪರ್ಧೆಯವರು ಆವತ್ತಿನ ವಿಷಯ ಕಳಿಸಿದ್ದರು: 'ಕಾಯುವುದು'. ಇದರ ಮೇಲೆ ಇವತ್ತೇ ಚಿತ್ರ ತೆಗೆದು, ಸಂಜೆ ಐದರೊಳಗೆ ಪಕ್ಕದೂರು ಶೋರ್‌ಲೈನಿನ ಸಭಾಂಗಣಕ್ಕೆ ತಲುಪಿಸಬೇಕು. ಅಲ್ಲೇ ಪ್ರದರ್ಶನ, ಅಲ್ಲೇ ಬಹುಮಾನ. ಸ್ಪರ್ಧೆ ಸ್ವತಂತ್ರ ನಿರ್ದೇಶಕರಿಗೆ ಮಾತ್ರ. ನಮ್ಮ ಸತ್ಯ ಎಷ್ಟು ಸ್ವತಂತ್ರ ನಿರ್ದೇಶಕನೆಂದರೆ, ಅವನ ಚಿತ್ರಗಳನ್ನು ಮನೆಯವರು ಕೂಡ ನೋಡುತ್ತಿರಲಿಲ್ಲ.

ವಾರವಿಡೀ ಫ್ರೀಮಾಂಟಿನ ಆಫೀಸೊಂದರಲ್ಲಿ ಬೇರೆಯವರ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದು ಅವನ ಉದ್ಯೋಗ. ವಾರಾಂತ್ಯ ಬಂತೆಂದರೆ ವುಡಿನ್‌ವಿಲ್ಲಿನ ಮನೆಯ ಗರಾಜಿನಲ್ಲಿ ಕ್ಯಾಮೆರಾ ಹಿಡಿದು ತಾನೇ ತಪ್ಪು ಮಾಡುತ್ತಿದ್ದ. ಅವನ ಹಿಂದಿನ ಚಿತ್ರದಲ್ಲಿ ಒಂದು ಎಲೆ ಮರದಿಂದ ಬೀಳುತ್ತದೆ, ಅಷ್ಟೇ ಕತೆ. ಅದು ಬೀಳುವ ಮೊದಲೇ ಹೆಂಡತಿ ವಸಂತಲಕ್ಷ್ಮಿ ಸೋಫಾದ ಮೇಲೆ ನಿದ್ದೆಗೆ ಬಿದ್ದಿದ್ದಳು.

ಆ ವಸಂತಲಕ್ಷ್ಮಿ ಈಗ ಕಾರಿನ ಕೀಲಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಕನ್ನಡ ಶಾಲೆಯ ವಾರ್ಷಿಕೋತ್ಸವದ ರಿಹರ್ಸಲ್ಲಿಗೆ ಹೊರಟಿದ್ದಳು.

"ಸತ್ಯ, ಇದೇ ಕೊನೇದು. ಇವತ್ತು ಪ್ರೈಜ್ ಬಂದ್ರೆ ಗರಾಜು ನಿಂದು, ನಾನು ಬಾಯಿ ಬಿಡಲ್ಲ. ಬರ್ಲಿಲ್ಲ ಅಂದ್ರೆ ಕ್ಯಾಮೆರಾ ಗಿಮೆರಾ ಎಲ್ಲಾ ಮಾರಿ ಕಾರು ಒಳಗೆ ನಿಲ್ಸೋದು. ಆಮೇಲೆ ನಿನ್ನ ಶನಿವಾರ ಎಲ್ಲಾ ನಂದು, ನಾನು ಹೇಳಿದ ಕಡೆ ಬರ್ಬೇಕು."

"ಬಂದೇ ಬರುತ್ತೆ, ನೋಡ್ತಿರು," ಎಂದ ಸತ್ಯ. ಆದರೆ ಆ ಕ್ಯಾಮೆರಾ ಹೋದರೆ ತನ್ನಲ್ಲಿ ಉಳಿಯುವವನು ತಪ್ಪು ಹುಡುಕುವವನೊಬ್ಬನೇ ಎಂದು ಅವನಿಗೆ ನಿಜವಾಗಿಯೂ ಭಯವಿತ್ತು.

ಕತೆಯೇನೋ ಥಟ್ಟನೆ ಹೊಳೆಯಿತು. ಒಬ್ಬ ಹೆಂಗಸು. ಮುಂದೆ ಹಬೆಯಾಡುವ ಊಟದ ತಟ್ಟೆ. ಮೇಜಿನ ಆಚೆ ಬದಿ ಖಾಲಿ ಕುರ್ಚಿ. ಅವಳು ಉಣ್ಣುವುದಿಲ್ಲ, ಬರಬೇಕಾದವರಿಗಾಗಿ ಕಾಯುತ್ತಾಳೆ. ಮಾತಿಲ್ಲ, ಸಂಗೀತವಿಲ್ಲ. ಇನ್ನು ಹೆಂಗಸು ಎಲ್ಲಿಂದ ತರುವುದು? ಅಡುಗೆಮನೆಯಲ್ಲಿ ಒಗ್ಗರಣೆ ಚಟಪಟ ಎಂದಿತು. ಮಂಡ್ಯದಿಂದ ವಿಮಾನವೇರಿ ಬಂದು ಇನ್ನೂ ವಾರ ತುಂಬದ ಅತ್ತೆ ದೇವೀರಮ್ಮ ಅಲ್ಲಿ ಉಪ್ಪಿಟ್ಟು ಕೆದಕುತ್ತಿದ್ದರು.

"ಅತ್ತೆ, ಇವತ್ತು ನೀವು ಆಕ್ಟ್ ಮಾಡ್ಬೇಕು."

"ಅಯ್ಯೋ, ನನಗೇನ್ ಬತ್ತದೆ ಅಳಿಯಂದ್ರೇ? ಅದಿರ್ಲಿ, ಉಪ್ಪಿಟ್ಟು ಆಗದೆ, ಬಿಸಿಬಿಸಿ ತಿನ್ನಿ ಬನ್ನಿ."

"ಆಮೇಲೆ ತಿಂತೀನಿ. ನೀವೇನೂ ಮಾಡೋದ್ ಬೇಡ ಅತ್ತೆ, ಸುಮ್ನೆ ಕೂತ್ಕೊಂಡು ಕಾಯ್ಬೇಕು, ಅಷ್ಟೇ."

"ಕಾಯೋದಾ? ಅದಾದ್ರೆ ಬತ್ತದೆ ಬಿಡಿ," ಎಂದು ದೇವೀರಮ್ಮ ಒಲೆ ಆರಿಸಿ ಉಪ್ಪಿಟ್ಟಿಗೆ ಮುಚ್ಚಳ ಮುಚ್ಚಿದರು.

ಮೊದಲನೇ ತಕರಾರು ಸೀರೆಯದು. ಸತ್ಯ ಮಾಸಿದ ನೂಲಿನ ಸೀರೆ ಕೇಳಿದ. ದೇವೀರಮ್ಮ ಮಗಳ ಮದುವೆಗೆ ಉಟ್ಟಿದ್ದ ಅರಿಶಿನ ಬಣ್ಣದ ರೇಷ್ಮೆ ಸೀರೆಯಲ್ಲಿ, ಅವಲಕ್ಕಿ ಸರ ಹಾಕಿಕೊಂಡು ಬಂದರು. "ಹಳೇ ಸೀರೇಲಿ ಕೂತ್ರೆ ನಾನು ಮಗಳ ಮನೇಲಿ ಕೆಲಸಕ್ಕಿದೀನಿ ಅನ್ಕೊಳಾಕಿಲ್ವ ಜನ?" ಎಂದು ಕೇಳಿದರು. ಸತ್ಯ ಟ್ರೈಪಾಡ್ ಬಿಚ್ಚತೊಡಗಿದ.

ಅಷ್ಟರಲ್ಲಿ ಪಕ್ಕದ ಮನೆಯ ನೆಲ್ಸನ್ ಬಂದ. ಮಂಗಳೂರಿನವನು, ಭಾರೀ ಆಳು, ಅದಕ್ಕಿಂತ ಭಾರೀ ಉತ್ಸಾಹ. ಬೇಲಿಯಾಚೆಯಿಂದ ಟ್ರೈಪಾಡ್ ಕಂಡಿದ್ದೇ ತಡ, ತನ್ನ ಗರಾಜಿನ ದೊಡ್ಡ ಹ್ಯಾಲೊಜೆನ್ ದೀಪ ಹೊತ್ತುಕೊಂಡು ಬಂದುಬಿಟ್ಟಿದ್ದ.

"ಎಂತ ಮಾರಾಯ, ಸಿನೆಮಾ ಉಂಟು ಅಂತ ಒಂದು ಮಾತು ಹೇಳ್ಲಿಕ್ಕಿಲ್ವಾ? ಲೈಟಿಂಗ್ ನನಗೆ ಬಿಡು."

ದೀಪ ಹಾಕಿದ ತಕ್ಷಣ ಮನೆಯ ಕರೆಂಟು ಹೋಯಿತು. ಟ್ರಿಪ್ಪಾದ ಸ್ವಿಚ್ಚು ಹುಡುಕಿ ಮೇಲೆತ್ತುವಷ್ಟರಲ್ಲಿ ಅರ್ಧ ಬೆಳಗು ಕಳೆಯಿತು. ಅದು ಮುಗಿಯಿತೆನ್ನುವಾಗ ದೇವೀರಮ್ಮ ಇನ್ನೊಂದು ತೆಗೆದರು.

"ಪೂಜೆ ಮಾಡ್ದೆ ಕ್ಯಾಮೆರಾ ಮುಟ್ಟಬಾರ್ದು ಅಳಿಯಂದ್ರೇ. ಮಂಡ್ಯದಲ್ಲಿ ಶೂಟಿಂಗ್ ನೋಡಿವ್ನಿ, ತೆಂಗಿನಕಾಯಿ ಹೊಡೆದೇ ಶುರು ಮಾಡೋದು."

ಕಾಯಿ ಒಡೆದದ್ದಾಯಿತು. ಕ್ಯಾಮೆರಾಕ್ಕೆ ಕುಂಕುಮ ಇಟ್ಟದ್ದಾಯಿತು, ಅರ್ಧ ಲೆನ್ಸಿಗೂ ಬಿತ್ತು. ದೇವೀರಮ್ಮ ಊರಿಂದ ತಂದ ಕರ್ಪೂರವನ್ನು ಧಾರಾಳವಾಗಿ ಹಚ್ಚಿ ಮಂಗಳಾರತಿ ಎತ್ತಿದರು. ಚಾವಣಿಯ ಹೊಗೆ ಅಲಾರಂ ಬೊಬ್ಬೆ ಹೊಡೆಯತೊಡಗಿತು. ನೆಲ್ಸನ್ ಅದನ್ನು ನಿಲ್ಲಿಸಲು ಸಿಕ್ಕಿದ ಕುರ್ಚಿ ಹತ್ತಿದ. ಅದು ಚಿತ್ರದಲ್ಲಿ ಖಾಲಿ ಕುರ್ಚಿಯ ಪಾತ್ರ ವಹಿಸಬೇಕಾಗಿದ್ದ ಕುರ್ಚಿ. ಲಟಕ್ಕೆಂದು ಕಾಲು ಮುರಿದುಕೊಂಡಿತು, ನೆಲ್ಸನ್ ಸೋಫಾದ ಮೇಲೆ ಬಿದ್ದ.

"ಅಪ್ಪಾ, ದಿಸ್ ಈಸ್ ಸೋ ಎಂಬರಾಸಿಂಗ್," ಎಂದಳು ಮೆಟ್ಟಿಲ ಮೇಲೆ ಕೂತು ನೋಡುತ್ತಿದ್ದ ಮಗಳು ಸಿರಿ. "ಆಲ್ಸೋ, ದೇರ್ ಈಸ್ ಎ ಫೈರ್ ಟ್ರಕ್."

ಅಲಾರಂ ಕಂಪನಿಯವರು ಹೇಳಿಕಳಿಸಿದ್ದ ಅಗ್ನಿಶಾಮಕ ವಾಹನ ಕೆಂಪು ದೀಪ ತಿರುಗಿಸುತ್ತಾ ಮನೆ ಮುಂದೆ ನಿಂತಿತ್ತು. ಆಜಾನುಬಾಹುಗಳು ಕೆಲವರು ದಪ್ಪ ಬೂಟು ಹಾಕಿಕೊಂಡು ಒಳಗೆ ಬಂದರು. ಸತ್ಯ ಕೈ ಮುಗಿಯುತ್ತಾ, ಇದು ದೇವರ ಬೆಂಕಿ, ಆಗಲೇ ಆರಿದೆ ಎಂದು ವಿವರಿಸುತ್ತಿದ್ದ. ಅವರು ಎಲ್ಲ ಕೋಣೆ ನೋಡಿ, ನಗುತ್ತಾ ಹೊರಟರು. ಮನೆಗೆ ಬಂದವರನ್ನು ಬರಿಗೈಲಿ ಕಳಿಸುವ ಪೈಕಿಯವರಲ್ಲ ದೇವೀರಮ್ಮ. ಶಾಟಿಗೆಂದು ಅಷ್ಟು ಹೊತ್ತಿಗೆ ಮಾಡಿಟ್ಟಿದ್ದ ಬಿಸಿಬೇಳೆಬಾತನ್ನು ಬೋಗುಣಿ ಸಮೇತ ಎತ್ತಿ ಅವರಿಗೆ ಬಡಿಸಿಯೇಬಿಟ್ಟರು. ಅವರು ನಿಂತಲ್ಲೇ ಉಂಡು, ಬೆರಳು ಚೀಪಿ, ತಲೆದೂಗಿ ಹೋದರು.

"ಅತ್ತೆ, ಅದು ಶೂಟಿಂಗ್‌ದು," ಎಂದ ಸತ್ಯ ಅಳುವ ದನಿಯಲ್ಲಿ.

"ಪಾಪ, ಹಸ್ಕೊಂಡಿದ್ರು. ಇನ್ನೊಂದ್ ಸಲ ಮಾಡಿದ್ರಾಯ್ತು. ನೀವಾದ್ರೂ ಆ ಉಪ್ಪಿಟ್ಟು ತಿನ್ನಿ ಅಳಿಯಂದ್ರೇ, ಮುಖ ಬಾಡೋಗದೆ."

"ಶಾಟ್ ಮುಗೀಲಿ ಅತ್ತೆ. ನನಗೆ ಈಗ ತುತ್ತು ಇಳಿಯಲ್ಲ."

ದೇವೀರಮ್ಮ ನಿಟ್ಟುಸಿರು ಬಿಟ್ಟು ಮತ್ತೆ ಬೇಳೆ ತೊಳೆಯಲು ಹೋದರು.

ಮುರಿದ ಕುರ್ಚಿಗೆ ಬದಲು ಕುರ್ಚಿ ಹಿಡಿದು ನೆಲ್ಸನ್ನನ ಹೆಂಡತಿ ಜೋಯ್ಸ್ ಬಂದಳು. ಇನ್ನೊಂದು ಕೈಯಲ್ಲಿ ಪತ್ರೊಡೆಯ ಡಬ್ಬಿ. "ತಿನ್ನಿ ಅಮ್ಮಾ, ಬಿಸಿ ಉಂಟು," ಎಂದು ದೇವೀರಮ್ಮನ ಮುಂದೆ ಹಿಡಿದಳು. ಅವರು ಡಬ್ಬಿ ನೋಡಿದರು, ಸತ್ಯನನ್ನು ನೋಡಿದರು, "ಈಗ ಬ್ಯಾಡ ಕನವ್ವ" ಎಂದರು.

"ನೋಡಿದ್ಯಾ?" ನೆಲ್ಸನ್ ಸತ್ಯನ ಕಿವಿಯಲ್ಲಿ ಪಿಸುಗುಟ್ಟಿದ. "ಪಾತ್ರದ ಒಳಗೆ ಇಳಿದಿದ್ದಾರೆ. ದೊಡ್ಡ ದೊಡ್ಡ ನಟರು ಹೀಗೇ ಮಾಡುವುದು ಮಾರಾಯ. ನೀನು ಮಾತಾಡಿಸ್ಲಿಕ್ಕೆ ಹೋಗ್ಬೇಡ."

ಸತ್ಯನಿಗೆ ರೋಮಾಂಚನವಾಯಿತು. ಮನೆಯಲ್ಲೇ ಇಂಥ ಕಲಾವಿದೆ ಇದ್ದರೂ ತಾನು ಎಲೆ ಬೀಳುವುದನ್ನು ಚಿತ್ರಿಸುತ್ತಾ ಕೂತಿದ್ದೆನಲ್ಲ ಎಂದು ನೊಂದುಕೊಂಡ. ಪತ್ರೊಡೆಯನ್ನು ನೆಲ್ಸನ್, ಜೋಯ್ಸ್, ಸಿರಿ ಸೇರಿ ಖಾಲಿ ಮಾಡಿದರು.

ಎರಡನೇ ಬಿಸಿಬೇಳೆಬಾತು ತಯಾರಾಗುವಾಗ ಮಧ್ಯಾಹ್ನ ಮೀರಿತ್ತು. ಕ್ಯಾಮೆರಾ ಓಡಿತು. ದೇವೀರಮ್ಮ ಕೂತರು. ಜೋಯ್ಸ್ ಓಡಿ ಬಂದು ಅವರ ಸೆರಗು ಸರಿಮಾಡಿದಳು. ಮತ್ತೆ ಕ್ಯಾಮೆರಾ ಓಡಿಸಿದರು. ಹೊರಗೆ ಮೋಡ ಕವಿದು ಕೋಣೆ ಕತ್ತಲಾಯಿತು. ಇನ್ನೊಮ್ಮೆ ಓಡಿಸಿದಾಗ ಎಲ್ಲ ಸರಿಯಿತ್ತು, ಬೆಳಕೂ ಬಂದಿತ್ತು, ದೇವೀರಮ್ಮ ಮಾತ್ರ ಕ್ಯಾಮೆರಾ ಕಡೆ ತಿರುಗಿ, "ಹೊತ್ತಾಯ್ತು, ನೀವು ಒಂದ್ ತುತ್ತು..." ಎಂದರು.

"ಕಟ್. ಅತ್ತೆ, ಮಾತಾಡ್ಬಾರ್ದು. ತಟ್ಟೆನೂ ಮುಟ್ಬಾರ್ದು. ಕಣ್ಣಲ್ಲೇ ಎಲ್ಲಾ ಬರ್ಬೇಕು."

ದೇವೀರಮ್ಮ ಸೆರಗು ಹೊದ್ದು ನೆಟ್ಟಗೆ ಕೂತರು. ಕೊನೆಯ ಸಲ ಕ್ಯಾಮೆರಾ ಓಡಿತು. ತುಪ್ಪ ಕರಗಿ ತಟ್ಟೆಯಂಚಿಗೆ ಹರಿಯಿತು. ಹಬೆ ಅವರ ಮುಖಕ್ಕೆ ಹೊಡೆಯಿತು. ಅವರು ತಟ್ಟೆಯನ್ನು ನೋಡಿದ ನೋಟವಿದೆಯಲ್ಲ, ಅದನ್ನು ಯಾವ ನಾಟಕ ಶಾಲೆಯೂ ಕಲಿಸಲಾರದು. ಆಮೇಲೆ ನಿಧಾನವಾಗಿ ಕಣ್ಣೆತ್ತಿ ಕ್ಯಾಮೆರಾದ ಪಕ್ಕಕ್ಕೆ ನೋಡಿದರು. ಗಂಟಲು ಒಮ್ಮೆ ಏರಿ ಇಳಿಯಿತು. ಕಣ್ಣಂಚಿನಲ್ಲಿ ನೀರು ತುಂಬಿ, ಒಂದು ಹನಿ ಮೂಗುಬೊಟ್ಟಿನ ಬಳಿ ಬಂದು ನಿಂತಿತು. ಸತ್ಯ ಕಟ್ ಹೇಳುವುದನ್ನು ಮರೆತು ತಾನೂ ಅತ್ತುಬಿಟ್ಟ.

ಆಮೇಲೆ ಉಸಿರಾಡಲೂ ಸಮಯವಿರಲಿಲ್ಲ. ಎಲ್ಲರೂ ನೆಲ್ಸನ್ನನ ವ್ಯಾನಿಗೆ ತುಂಬಿಕೊಂಡರು. ಸತ್ಯ ಮುಂದೆ ಕೂತು ತೊಡೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಎಡಿಟ್ ಮಾಡಿದ. ಅರ್ಧ ದಾರಿಯಲ್ಲಿ ಬಾತುಕೋಳಿಯೊಂದು ಮರಿಗಳೊಂದಿಗೆ ರಸ್ತೆಗಿಳಿಯಿತು. ಎರಡೂ ಬದಿಯ ಕಾರುಗಳು ನಿಂತವು, ಯಾರೂ ಹಾರ್ನ್ ಮಾಡಲಿಲ್ಲ. ಕೊನೆಯ ಮರಿ ನಡುರಸ್ತೆಯಲ್ಲಿ ಕೂತು ರೆಕ್ಕೆ ಕೊಕ್ಕಿನಿಂದ ಕೆರೆದುಕೊಂಡಿತು. ಸತ್ಯ ಅದಕ್ಕೆ ಕನ್ನಡದಲ್ಲಿ ಬೈದ. ಹಿಂದಿನ ಸೀಟಿನಲ್ಲಿ ಜೋಯ್ಸ್ ಬಿಸ್ಕತ್ತಿನ ಪೊಟ್ಟಣ ಚಾಚಿದಳು. ಸತ್ಯ ತಿರುಗದೆಯೇ ಬೇಡವೆಂದು ಕೈ ಆಡಿಸಿದ. ದೇವೀರಮ್ಮನೂ ಬೇಡವೆಂದರು.

ಶೋರ್‌ಲೈನ್ ತಲುಪಿದಾಗ ಸಭಾಂಗಣದವರು ಬಾಗಿಲು ಮುಚ್ಚುತ್ತಿದ್ದರು. ಸತ್ಯ ಪೆನ್‌ಡ್ರೈವ್ ಎತ್ತಿ ಹಿಡಿದು ಓಡಿ, ಮುಗ್ಗರಿಸಿ, ಅದನ್ನು ಮೇಜಿನ ಮೇಲಿಟ್ಟು ಅಲ್ಲೇ ಕುಸಿದು ಕೂತ.

ಪ್ರದರ್ಶನ ಶುರುವಾಯಿತು. ಬಸ್ಸಿಗೆ ಕಾಯುವವರ ಚಿತ್ರ ಬಂತು, ಬಿಸಿಲಿಗೆ ಕಾಯುವವರದು ಬಂತು. ಮ್ಯಾಕ್ಸಿಮ್ ಎಂಬ ಹುಡುಗನ ಚಿತ್ರದಲ್ಲಿ ಅಂಗಡಿಯ ಮುಂದೆ ನಾಯಿಯೊಂದು ಯಜಮಾನನಿಗಾಗಿ ಕಾಯುತ್ತಿತ್ತು. ಜನ ಮೆಚ್ಚಿದರು. ಆಮೇಲೆ ದೇವೀರಮ್ಮ ಬಂದರು. ಸಭೆಯಲ್ಲಿ ಕೆಮ್ಮುವವರೂ ನಿಲ್ಲಿಸಿದರು. ಆ ಹನಿ ಮೂಗುಬೊಟ್ಟಿನ ಬಳಿ ನಿಂತಾಗ ಯಾರೋ ಬಿಕ್ಕಿದರು. ದೀಪ ಹತ್ತಿದಾಗ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ರಿಹರ್ಸಲ್ಲಿನಿಂದ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ವಸಂತಲಕ್ಷ್ಮಿ ಕೂಡ ಕಣ್ಣೊರೆಸಿಕೊಂಡು ಗಂಡನ ಕಡೆ ಹೆಬ್ಬೆರಳೆತ್ತಿದಳು. ಸತ್ಯನಿಗೆ ಜನ್ಮ ಸಾರ್ಥಕವಾಯಿತು.

ತೀರ್ಪುಗಾರರ ಮುಖ್ಯಸ್ಥೆ ಶರೋನ್ ಮೊದಲ ಬಹುಮಾನ ಸತ್ಯನ ಚಿತ್ರಕ್ಕೆಂದು ಘೋಷಿಸಿ, ದೇವೀರಮ್ಮನನ್ನೂ ವೇದಿಕೆಗೆ ಕರೆದರು. ಅನುವಾದಕ್ಕೆ ಸಿರಿ ಹೋದಳು. ಇಷ್ಟು ಆಳವಾದ ನಿರೀಕ್ಷೆಯನ್ನು ಕಣ್ಣಿಗೆ ಹೇಗೆ ತಂದಿರಿ ಎಂದು ಶರೋನ್ ಕೇಳಿದರು.

ದೇವೀರಮ್ಮ ಮೈಕನ್ನು ಎರಡೂ ಕೈಯಲ್ಲಿ ಹಿಡಿದರು. "ಆಕ್ಟಿಂಗ್ ಎಲ್ಲಿ ಬತ್ತದೆ ನನಗೆ? ಅಳಿಯಂದ್ರು ಬೆಳಿಗ್ಗೆಯಿಂದ ಒಂದ್ ಅಗುಳು ಮುಟ್ಟಿಲ್ಲ. ಅಳಿಯ ಹಸ್ಕೊಂಡು ಎದ್ರುಗೆ ನಿಂತಿರುವಾಗ ಅತ್ತೆಯಾದವಳು ಹೆಂಗೆ ಉಣ್ಣಾದು? ಈಗ ಉಣ್ತಾರೆ, ಇನ್ನೇನ್ ಉಣ್ತಾರೆ ಅಂತ ಕಾದ್‌ಕಂಡು ಕುಂತಿದ್ದೆ. ನಂಗೂ ಹೊಟ್ಟೆ ಚುರುಗುಟ್ತಿತ್ತು, ಅನ್ನ ನೋಡಿ ಕಣ್ಣಲ್ಲಿ ನೀರೇ ಬಂತು."

ಸಿರಿ ಅಷ್ಟುದ್ದದ ಮಾತನ್ನು ಚುಟುಕಾಗಿ ಮುಗಿಸಿದಳು.

"ಶೀ ವಾಸ್ ನಾಟ್ ಆಕ್ಟಿಂಗ್. ಶೀ ಡಿಡ್ ನಾಟ್ ಈಟ್ ಆಲ್ ಡೇ. ಬಿಕಾಸ್ ಆಫ್ ಮೈ ಡ್ಯಾಡ್."

ಇಡೀ ಸಭಾಂಗಣ ಸತ್ಯನ ಕಡೆ ತಿರುಗಿತು. ಅವನು ಎದ್ದು, ಇದು ನಮ್ಮಲ್ಲಿ ಗೌರವ, ಪದ್ಧತಿ, ನಾನೂ ಉಪವಾಸವಿದ್ದೆ ಎಂದೆಲ್ಲ ತೊದಲಿದ. ತೀರ್ಪುಗಾರರು ತಲೆಗೆ ತಲೆ ತಾಗಿಸಿ ಗುಸುಗುಸು ಮಾತಾಡಿದರು. ನಟರಿಗೆ ಹೊತ್ತಿಗೆ ಸರಿಯಾಗಿ ಊಟ ಕೊಡುವುದು ಸ್ಪರ್ಧೆಯ ಮುಖ್ಯ ನಿಯಮ, ಅದರಲ್ಲೂ ವಯಸ್ಸಾದವರ ವಿಷಯದಲ್ಲಿ ರಿಯಾಯಿತಿ ಇಲ್ಲ, ಆದ್ದರಿಂದ ಚಿತ್ರ ಅನರ್ಹ ಎಂದರು ಶರೋನ್. ಮೊದಲ ಬಹುಮಾನ ಮ್ಯಾಕ್ಸಿಮ್‌ಗೆ ಹೋಯಿತು. ಅವನ ನಾಯಿ ಶೂಟಿಂಗ್ ಮಧ್ಯೆ ಮಧ್ಯೆ ಹೊಟ್ಟೆ ತುಂಬ ತಿಂದಿತ್ತೆಂದು ಅಲ್ಲೇ ಖಚಿತಪಡಿಸಿಕೊಂಡರು. ಶ್ರೇಷ್ಠ ನಟಿ ಮಾತ್ರ ದೇವೀರಮ್ಮನೇ. ಕಲಾವಿದೆಯದು ಏನು ತಪ್ಪು?

ವಸಂತಲಕ್ಷ್ಮಿಯ ಹೆಬ್ಬೆರಳು ಯಾವಾಗಲೋ ಇಳಿದಿತ್ತು. "ನಮ್ಮಮ್ಮನ್ನ ಉಪವಾಸ ಕೆಡವಿ ಪ್ರೈಜ್ ತಗೊಳಕ್ಕೆ ಬಂದ್ಯಾ?" ಎಂದಳು. ನೆಲ್ಸನ್ ತನಗೂ ಈ ಸಿನೆಮಾಕ್ಕೂ ಸಂಬಂಧವೇ ಇಲ್ಲದವನ ಹಾಗೆ ಬಾಗಿಲ ಕಡೆ ಸರಿದ. ಸುದ್ದಿ ಕನ್ನಡದವರ ವಾಟ್ಸಾಪ್ ಗುಂಪಿನಲ್ಲಿ ಹರಡಲು ಹೆಚ್ಚು ಹೊತ್ತು ಬೇಕಾಗಲಿಲ್ಲ.

ಕ್ಯಾಮೆರಾ ಮಾರಾಟವಾಯಿತು. ಕೊಂಡವನು ಮ್ಯಾಕ್ಸಿಮ್. ಅವನು ಕ್ಯಾಮೆರಾ ಒಂದನ್ನೇ ಕೇಳಲಿಲ್ಲ, ತನ್ನ ಮುಂದಿನ ಚಿತ್ರಕ್ಕೆ ದೇವೀರಮ್ಮನನ್ನೂ ಕೇಳಿದ. ಅವರು ಖುಷಿಯಾಗಿ ಒಪ್ಪಿದರು, ಒಂದೇ ಒಂದು ಷರತ್ತು ಹಾಕಿದರು. ಅದನ್ನು ಕೇಳಿದ ವಸಂತಲಕ್ಷ್ಮಿ ಗಂಡನ ಶನಿವಾರಗಳನ್ನು ಅಲ್ಲೇ ಬರೆದುಕೊಟ್ಟಳು.

ಹೀಗಾಗಿ ಈಗ ಪ್ರತಿ ಶನಿವಾರ ಫ್ರೀಮಾಂಟಿನಲ್ಲಿ ಮ್ಯಾಕ್ಸಿಮ್ ಹಾಕಿದ ಸೆಟ್ಟಿನಲ್ಲಿ ಕ್ಯಾಮೆರಾದಿಂದ ದೂರ ಒಂದು ಸ್ಟೂಲಿನ ಮೇಲೆ ಸತ್ಯನಾರಾಯಣ ತಟ್ಟೆ ಹಿಡಿದು ಕೂತಿರುತ್ತಾನೆ. ಮ್ಯಾಕ್ಸಿಮ್ ಸನ್ನೆ ಮಾಡಿದರೆ ಉಣ್ಣಬೇಕು, ಹಸಿವಿರಲಿ ಬಿಡಲಿ. ಅವನು ಕೈ ತೊಳೆದ ಮೇಲೆ ದೇವೀರಮ್ಮ ನೆಮ್ಮದಿಯಿಂದ ಉಂಡು, ಎಲೆಯಡಿಕೆ ಹಾಕಿಕೊಂಡು ಶಾಟಿಗೆ ಬರುತ್ತಾರೆ. ಮ್ಯಾಕ್ಸಿಮ್ ಒಳ್ಳೆಯ ಹುಡುಗ, ಕೆಲಸ ಮಾಡಿದವರ ಹೆಸರು ಬಿಡುವವನಲ್ಲ. ಹೀಗೆ ತೆಗೆದ ಮೊದಲ ಚಿತ್ರದ ಕೊನೆಯಲ್ಲಿ ಎಲ್ಲರ ಹೆಸರು ಹೋದ ಮೇಲೆ, ದೊಡ್ಡ ಪರದೆಯ ಮೇಲೆ ಸತ್ಯನ ಹೆಸರೂ ಬಂತು. ಊಟ ಮಾಡಿದವರು: ಸತ್ಯನಾರಾಯಣ.